ಮೊದಲ ಏಟಿನ ಕುರ್ಚಿ

ಇದನ್ನು ಓದಿ ಸುಳ್ಳು ಅನ್ನುವ ಧೈರ್ಯ ಯಾರಿಗಾದರೂ ಇದ್ದರೆ ಈಗಲೇ ಅಂದುಬಿಡಿ. ಆಮೇಲೆ ತಮಿಳುನಾಡಿನ ಬೋಡಿಗೆ ಬನ್ನಿ, ಅಲ್ಲಿಂದ ಜೀಪು ಹತ್ತಿ, ಏಲಕ್ಕಿ ತೋಟಗಳ ನಡುವೆ ತಿರುವಿನ ಮೇಲೆ ತಿರುವು ಸುತ್ತಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ದಾರಿಗೇ ಒಪ್ಪಿಸಿ, ನಮ್ಮ ಗಾಲ್ಫ್ ಮೈದಾನಕ್ಕೆ ಬನ್ನಿ. ಮೊದಲ ಏಟು ಹೊಡೆಯುವ ದಿಬ್ಬದ ಪಕ್ಕ ಅರ್ಧ ಗಂಟೆ ನಿಂತರೆ ಸಾಕು, ಈ ಹುಡುಗ ಹೇಳಿದ್ದು ಕಡಿಮೆಯೇ ಆಯಿತು ಅಂತ ನೀವೇ ಅಂತೀರಿ. ಆ ದಿಬ್ಬದ ಮೇಲೆ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇರುತ್ತದೆ. ಆಗದ ವಾರ ನನಗೇ ಮೈ ಸರಿಯಿಲ್ಲ ಅನ್ನಿಸುತ್ತದೆ.

ಮೈದಾನದ ಹೆಸರು ಹೇಳುವುದಿಲ್ಲ. ಕ್ಲಬ್ಬಿನ ಸೆಕ್ರೆಟರಿ ಸಾರ್‌ಗೆ ಕನ್ನಡ ಬರುವುದಿಲ್ಲ ಅನ್ನುವ ಒಂದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಯಾವುದೋ ಕಾಲದಲ್ಲಿ ಎಸ್ಟೇಟಿನವರು ಮಾಡಿಟ್ಟುಹೋದ ಒಂಬತ್ತು ಗುಣಿಯ ಸಣ್ಣ ಮೈದಾನ ಅದು. ನಾನು ಕೆಳಗೆ ಕಂಬಂ ಕಣಿವೆಯ ಹಳ್ಳಿಯವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಬೆಟ್ಟ ಹತ್ತಿದ ಮೇಲೆ ಇಂಗ್ಲಿಷು. ಮೂರರಲ್ಲೂ ನನ್ನ ಬಾಯಿಗೆ ಎದುರಿಲ್ಲ.

ಮೈದಾನದಲ್ಲಿ ನಾನು ಕ್ಯಾಡಿ, ಅಂದರೆ ಆಡುವವರ ಕೋಲಿನ ಚೀಲ ಹೊತ್ತು ಹಿಂದೆ ನಡೆಯುವವನು. ಆದರೆ ನನ್ನ ಕಣ್ಣಿದ್ದದ್ದು ಮೊದಲ ದಿಬ್ಬದ ಪಕ್ಕ ಇದ್ದ ಒಂದು ಮರದ ಕುರ್ಚಿಯ ಮೇಲೆ. ಅದು ಸ್ಟಾರ್ಟರ್ ಕುರ್ಚಿ. ಅದರಲ್ಲಿ ಕೂತವನು ಪಟ್ಟಿ ನೋಡಿ ಹೆಸರು ಕರೆಯಬೇಕು. ಅವನು ಕರೆಯದೆ ಡಾಕ್ಟರಾಗಲಿ ಎಸ್ಟೇಟ್ ಮಾಲೀಕನಾಗಲಿ ಕೋಲು ಎತ್ತುವ ಹಾಗಿಲ್ಲ. ಯಾರಾದರೂ ಕೋಲು ಎತ್ತಿದ ಗಳಿಗೆಯಲ್ಲಿ ಸುತ್ತ ಒಂದು ಸದ್ದು ಆಗದಂತೆ ನೋಡಿಕೊಳ್ಳುವುದೂ ಅವನದೇ ಕೆಲಸ. ಅಲ್ಲಿಯವರೆಗೆ ಅದರಲ್ಲಿ ಕೂತಿದ್ದ ಮುದುಕಪ್ಪ ಮಂಡಿ ನೋವೆಂದು ಕೆಲಸ ಬಿಟ್ಟ. ಸೆಕ್ರೆಟರಿ ಸಾರ್ ಮಿಲಿಟರಿಯಲ್ಲಿದ್ದವರು, ಅಳತೆ ಮಾಡಿ ಮಾತಾಡುತ್ತಾರೆ.

"ಮೂರು ತಿಂಗಳು ನೀನು ನೋಡಿಕೋ. ಕುರ್ಚಿಯ ಪಕ್ಕ ನಿಲ್ಲಬೇಕು, ಕೂರಬಾರದು. ಟೂರ್ನಮೆಂಟ್ ದಿನದ ತನಕ ಒಂದೇ ಒಂದು ದೂರು ಬರದಿದ್ದರೆ ಕುರ್ಚಿ ನಿನ್ನದು. ಒಂದು ಬಂತೋ, ಮತ್ತೆ ಚೀಲ."

ಸಂಜೆಯೇ ಫೋನ್ ಮಾಡಿ ಮಾವನಿಗೆ ಕುರ್ಚಿ ಸಿಕ್ಕೇಬಿಟ್ಟಿತು, ಮೂರು ತಿಂಗಳಿಗೆ ದೊಡ್ಡ ಟೂರ್ನಮೆಂಟ್ ಬೇರೆ ಇದೆ ಅಂದೆ. ಅಲ್ಲೇ ನಾನು ಕೆಟ್ಟದ್ದು. ಮಾವನಿಗೆ ಕಣಿವೆಯಲ್ಲಿ ದ್ರಾಕ್ಷಿ ತೋಟ, ನಾನು ಅವರಿಗೆ 'ಮಾಪ್ಳೆ', ಅಂದರೆ ಅಳಿಯ. ಅವರು ಯಾವುದನ್ನೂ ಮುಟ್ಟಿ ನೋಡದೆ ನಂಬುವ ಜನ ಅಲ್ಲ.

"ಹಂಗಾ ಮಾಪ್ಳೆ? ನೀ ಕುರ್ಚೀಲಿ ಕುಂತಿರದ ನಾ ಕಣ್ಣಾರ ನೋಡ್ಬೇಕು. ಆ ಟೂರ್ನಮೆಂಟು ದಿನ ವ್ಯಾನ್ ಮಾಡ್ಕಂಡು ನೆಂಟ್ರುನೆಲ್ಲ ಕರ್ಕಂಡೇ ಬತ್ತೀನಿ," ಅಂದರು.

ಹೀಗೆ ಮೂರು ತಿಂಗಳು ನನ್ನ ಮಾನ ಆ ದಿಬ್ಬದ ಮೇಲೆ ನಿಂತಿತ್ತು. ಆ ದಿಬ್ಬವೋ, ಕೇಳಿ.

ನನ್ನದೇ ಮೊದಲ ಏಟು

ಬೇರೆಯವರನ್ನು ನೋಡಿ ನಗುವ ಮೊದಲು ನನ್ನದು ಹೇಳಿಬಿಡುತ್ತೇನೆ, ನನಗೇನು ನಾಚಿಕೆ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸೋಮವಾರ ಮೈದಾನಕ್ಕೆ ರಜೆ. ಹುಲ್ಲಿನ ಮೇಲೆ ಇದ್ದದ್ದು ನೀರು ಬಿಡುವ ಅಣ್ಣ ಒಬ್ಬನೇ, ಕ್ಯಾಂಟೀನಿನಲ್ಲಿ ಅಡುಗೆಯವರು. ಬೇಲಿಯ ಪಕ್ಕ ಸಿಕ್ಕಿದ ಹಳೇ ಕೋಲು, ಹಳೇ ಚೆಂಡು ತಂದೆ. "ಅಣ್ಣಾ, ಇವರು ಹೊಡೆಯುವುದು ಒಂದು ಏಟಾ? ನೋಡು ಈಗ," ಅಂದೆ. ನಮ್ಮೂರಲ್ಲಿ ಚಿನ್ನಿದಾಂಡಿನಲ್ಲಿ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಿಲ್ಲ. ನಾನು ಹೊಡೆದ ಚಿನ್ನಿ ಮೂರು ಬೀದಿ ದಾಟಿ ಪಂಚಾಯ್ತಿ ಅಧ್ಯಕ್ಷರ ಮಜ್ಜಿಗೆ ಲೋಟಕ್ಕೆ ಬಿದ್ದದ್ದುಂಟು.

ಆದರೆ ಕೈಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಚೆಂಡನ್ನು ನೆಲದ ಮೇಲಿಟ್ಟು ಕೋಲಿನ ತುದಿಯಿಂದ ಟಕ್ಕನೆ ತಟ್ಟಿ ಎಗರಿಸಿದೆ. ಗಾಳಿಯಲ್ಲಿದ್ದಾಗಲೇ ಬೀಸಿದೆ. ಬಿತ್ತು ನೋಡಿ ಏಟು! ಒಂದೇ ತೊಂದರೆ, ಅದು ಮುಂದಕ್ಕೆ ಹೋಗಲಿಲ್ಲ. ತಲೆಯ ಮೇಲಿಂದ ಹಿಂದಕ್ಕೆ ಹಾರಿ, ಕ್ಯಾಂಟೀನಿನ ಹೊಗೆ ಕಿಂಡಿಯಲ್ಲಿ ನುಗ್ಗಿ, ಒಳಗೆ ಎಲ್ಲೋ 'ಪಚ್' ಅಂತು. ಅಡುಗೆಯವರು ಉಪ್ಪಿಟ್ಟು ಮೆತ್ತಿದ ಚೆಂಡನ್ನು ಸೌಟಿನಲ್ಲಿ ಹಿಡಿದುಕೊಂಡು ಹೊರಗೆ ಬಂದರು.

ನೀರು ಬಿಡುವ ಅಣ್ಣ ಬಂದು ಸೌಟಿನೊಳಗೆ ಇಣುಕಿದ. "ತಂಬಿ, ಇಲ್ಲಿ ಒಳ್ಳೆ ಒಳ್ಳೆಯವರು ಹತ್ತು ವರ್ಷ ಆಡಿದರೂ ಒಂದೇ ಏಟಿಗೆ ಗುಣಿಗೆ ಹಾಕಿಲ್ಲ. ನೀನು ಮೊದಲ ಏಟಿಗೇ ಬಾಣಲೆಗೆ ಹಾಕಿದೆ!"

ಏಲಕ್ಕಿ ಸಾಹುಕಾರರ ಪೂಜೆ

ಕುರ್ಚಿಯ ಪಕ್ಕ ನಿಲ್ಲಲು ಶುರುಮಾಡಿದ ಎರಡನೇ ವಾರ. ಬೋಡಿಯ ಒಬ್ಬ ಏಲಕ್ಕಿ ವ್ಯಾಪಾರಿ ಹೊಸದಾಗಿ ಮೆಂಬರಾದರು. ಹೊಸ ಬೂಟು, ಹೊಸ ಟೋಪಿ, ಪಳಪಳ ಹೊಳೆಯುವ ಹದಿನಾಲ್ಕು ಕೋಲು. ದಿಬ್ಬ ಹತ್ತಿದವರೇ ಚೀಲದಿಂದ ಚೆಂಡು ತೆಗೆಯಲಿಲ್ಲ, ತೆಂಗಿನಕಾಯಿ ತೆಗೆದರು.

"ತಂಬಿ, ಲಾರಿ ಕೊಂಡರೆ ಪೂಜೆ ಮಾಡದೆ ಗೇಟು ದಾಟಿಸುತ್ತೇವಾ? ಇದು ಲಾರಿಗಿಂತ ಕಡಿಮೆಯದಾ?"

ಅದೂ ಸರಿಯೇ. ಹದಿನಾಲ್ಕು ಕೋಲಿಗೂ ಅರಿಶಿನ ಕುಂಕುಮ ಆಯಿತು, ಕರ್ಪೂರ ಆಯಿತು. ಕಾಯಿ ಒಡೆಯಲು ಕಲ್ಲಿಲ್ಲ. ಗುಣಿಗೆ ಎಷ್ಟು ದೂರ ಅಂತ ಕೆತ್ತಿದ ಕಲ್ಲಿನ ಮೇಲೇ ಒಡೆದೆವು. ಕಡೆಗೆ ಉಳಿದದ್ದು ನಿಂಬೆಹಣ್ಣು.

"ಇದನ್ನು ಚಕ್ರದ ಕೆಳಗೆ ಇಡಬೇಕು. ಇಲ್ಲಿ ಚಕ್ರ ಎಲ್ಲಿದೆ?" ಅಂತ ಅವರು ದಿಬ್ಬವೆಲ್ಲ ಸುತ್ತಿದರು.

ಅಲ್ಲಿ ಬುದ್ಧಿವಂತ ಅಂತ ಇದ್ದವನು ನಾನೊಬ್ಬನೇ. "ಅಯ್ಯಾ, ಇಲ್ಲಿ ಓಡುವುದು ಚಕ್ರ ಅಲ್ಲ, ಕೋಲು. ಕೋಲಿನ ಎದುರಿಗೆ ಇಡೋಣ," ಅಂದೆ. ಚೆಂಡು ಇಡುವ ಮರದ ಮೊಳೆ ಇರುತ್ತದಲ್ಲ, ಅದರ ಮೇಲೇ ನಿಂಬೆಹಣ್ಣು ಕೂರಿಸಿದೆ. ಅವರು ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಬೀಸಿದರು.

ಸತ್ಯವಾಗಿ ಹೇಳುತ್ತೇನೆ, ಅಂಥ ಏಟು ನಾನು ನೋಡಿಲ್ಲ. ನಿಂಬೆಹಣ್ಣು ಎರಡು ಹೋಳಾಗಿ, ಒಂದು ಹೋಳು ಸೊಂಯ್ಯನೆ ದಾರದ ಹಾಗೆ ನೆಟ್ಟಗೆ ಹೋಯಿತು. ಇನ್ನೊಂದು ಹೋಳಿನ ರಸ ವರಾಂಡದಲ್ಲಿ ನಿಂತಿದ್ದ ಸೆಕ್ರೆಟರಿ ಸಾರ್ ಕನ್ನಡಕದ ಮೇಲೆ. ಸೆಕ್ರೆಟರಿಯೇ ದೂರು ಕೊಟ್ಟರೆ ಅದು ಲೆಕ್ಕಕ್ಕೆ ಬರುತ್ತದಾ ಅಂತ ಯೋಚಿಸುತ್ತ ನಿಂತೆ. ಅವರು ಕನ್ನಡಕ ಒರೆಸಿಕೊಂಡು, ನಿಯಮದ ಪುಸ್ತಕ ತರಿಸಿ, ನಿಂತಲ್ಲೇ ಹಾಳೆ ತಿರುವಿ, "ಹಣ್ಣಿನ ವಿಚಾರ ಏನೂ ಬರೆದಿಲ್ಲ," ಅಂತ ಒಳಗೆ ಹೋದರು.

ಆಮೇಲೆ ಸಾಹುಕಾರರು ಚೆಂಡು ಇಟ್ಟು ಹೊಡೆದರು. ಅದು ಮೊಳೆಯಿಂದ ಜಾರಿ ಮೂರಡಿ ಉರುಳಿತು. ಮತ್ತೆ ಹೊಡೆದರು. ನಾಲ್ಕಡಿ. ಅವರು ಮೆಲ್ಲಗೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದರು: "ತಂಬಿ, ಕ್ಯಾಂಟೀನಿನಲ್ಲಿ ಇನ್ನೊಂದು ನಿಂಬೆಹಣ್ಣು ಸಿಗುತ್ತದಾ ನೋಡು."

ಟವೆಲಿನ ಕೆಳಗೆ

ಈ ಸಾಹುಕಾರರಿಗೆ ನಿಲಕ್ಕೋಟ್ಟೈಯ ಹೂವಿನ ಮಂಡಿಯವರೊಬ್ಬರು ಗೆಳೆಯರು. ಗಾಲ್ಫಿನಲ್ಲಿ ಕಡಿಮೆ ಏಟಿಗೆ ಮುಗಿಸಿದವನೇ ಗೆದ್ದವನು. ಅದಕ್ಕೇ ಒಂದು ಪದ್ಧತಿ ಇದೆ: ಚೆನ್ನಾಗಿ ಆಡುವವನು ಆಡಲಾರದವನಿಗೆ ಇಷ್ಟು ಏಟು ಬಿಟ್ಟುಕೊಡುತ್ತೇನೆ ಅಂತ ಶುರುವಿಗೇ ಒಪ್ಪಿಕೊಳ್ಳಬೇಕು. ಉಳಿದವರು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಇವರಿಬ್ಬರೂ ದನದ ಸಂತೆ ಕಂಡ ಮನೆಯವರು. ಬೆಲೆಯನ್ನು ಬಾಯಲ್ಲಿ ಹೇಳುವುದುಂಟೇ? ಹೂವಿನವರು ಹೆಗಲ ಮೇಲಿನ ಟವೆಲ್ ತೆಗೆದರು. ಇಬ್ಬರೂ ಅದರ ಕೆಳಗೆ ಕೈ ಹಾಕಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಚೌಕಾಸಿಗೆ ಇಳಿದರು.

"ಇಷ್ಟು."

"ಆಗೋದಿಲ್ಲ. ಇಷ್ಟು."

"ಮೊನ್ನೆ ಮಂಡಿ ನೋವು ಹೋಯಿತು ಅಂದದ್ದು ನೀನೇ ಅಲ್ವಾ? ಇಷ್ಟಕ್ಕೆ ಬಾ."

ಹಿಂದೆ ನಾಲ್ಕು ಗುಂಪು ಕಾಯುತ್ತಿತ್ತು. ಒಬ್ಬ ಡಾಕ್ಟರು ಗಡಿಯಾರ ನೋಡಿ, ನನ್ನ ಮುಖ ನೋಡಿ, ಮತ್ತೆ ಗಡಿಯಾರ ನೋಡಿದರು. ದೂರಿನ ವಾಸನೆ ಬಂತು. ದನದ ದಲ್ಲಾಳಿಗಳ ಬೆರಳ ಭಾಷೆ ನನಗೆ ಬರುತ್ತದೆ. ಹನ್ನೆರಡನೇ ವಯಸ್ಸಿಗೇ ಒಂದು ಜೋಡಿ ಹೋರಿ ಮಾರಿಸಿದವನು ನಾನು. "ಅಯ್ಯಾ, ಜರುಗಿ," ಅಂತ ನಾನೂ ಟವೆಲಿನ ಕೆಳಗೆ ಕೈ ತೂರಿಸಿದೆ. ಇವರ ಮೂರು ಬೆರಳು ಹಿಡಿದೆ, ಅವರ ಒಂದು ಬೆರಳು ಮಡಚಿದೆ, ವ್ಯವಹಾರ ಇನ್ನೇನು ಮುಗಿಯುವುದರಲ್ಲಿತ್ತು.

ಅಷ್ಟರಲ್ಲಿ ಹಿಂದಿನಿಂದ ಸೆಕ್ರೆಟರಿ ಸಾರ್ ದನಿ: "ಏನಿದೆ ಅದರ ಕೆಳಗೆ?"

ಮೂವರೂ ಕೈ ಎಳೆದುಕೊಂಡೆವು. "ಏನೂ ಇಲ್ಲ ಸಾರ್."

ಸೆಕ್ರೆಟರಿ ಸಾರ್ ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಕೊಡವಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು, ಹುಲ್ಲಿನ ಮೇಲೆ ಬಗ್ಗಿ ಹುಡುಕಿದರು.

"ಏನೂ ಇಲ್ಲ ಅಂದಮೇಲೆ, ಮೂರು ಜನ ಸೇರಿ ಅರ್ಧ ಗಂಟೆಯಿಂದ ಹುಡುಕಿದ್ದೇನು?"

ಚಿನ್ನಾಳಪಟ್ಟಿಯ ಅಮ್ಮ

ಇದು ಚಿಕ್ಕದು. ಚಿನ್ನಾಳಪಟ್ಟಿಯ ಸೀರೆ ಅಂಗಡಿಯವರೊಬ್ಬರು ತಾಯಿಯನ್ನು ಬೆಟ್ಟ ತೋರಿಸಲು ಕರೆತಂದಿದ್ದರು. ಮಗ ದಿಬ್ಬದ ಮೇಲೆ ನಿಂತು ಸೊಂಟ ಕುಣಿಸಿ, ಮಂಡಿ ಬಗ್ಗಿಸಿ, ನಾಲ್ಕು ಸಲ ಬೀಸಿದರೂ ಚೆಂಡು ಕೂತಲ್ಲೇ ಕೂತಿತ್ತು.

"ಕೊಡಿಲ್ಲಿ," ಅಂದರು ಅಮ್ಮ. ಸೆರಗು ಸಿಕ್ಕಿಸಿಕೊಂಡು ಹುಣಸೆಮರ ಬಡಿಯುವ ಹಾಗೆ ಒಂದು ಬಡಿದರು. ಚೆಂಡು ನೂರು ಗಜ ಹೋಗಿ ನಿಂತಿತು. ಕಾಯುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮಗ ಬೆವರು ಒರೆಸಿಕೊಂಡು, "ಅಮ್ಮಾ, ಇನ್ನು ನಡೆದುಕೊಂಡು ಹೋಗಿ ಅಲ್ಲಿಂದ ಮತ್ತೆ ಹೊಡೆಯಬೇಕು," ಅಂದರು.

ಅಮ್ಮ ಅವರನ್ನು ಮರುಕದಿಂದ ನೋಡಿದರು. "ಹೇಗೂ ಅಲ್ಲಿ ತನಕ ನಡೆಯಬೇಕಂತೆ. ಕೈಯಲ್ಲೇ ಎತ್ತಿಕೊಂಡು ಹೋಗಿದ್ದರೆ ಆಗುತ್ತಿರಲಿಲ್ಲವಾ ಕಣ್ಣಾ?"

ಟೂರ್ನಮೆಂಟ್ ದಿನ

ದೂರಿಲ್ಲದೆ ಮೂರು ತಿಂಗಳು ತಳ್ಳಿದೆ. ಹೇಗೆ ತಳ್ಳಿದೆ ಅಂತ ನನ್ನ ಜೀವಕ್ಕೆ ಗೊತ್ತು. ಬಂತು ಆ ದಿನ.

ಮೊದಲ ಏಟು ಹೊಡೆಯಲು ಬರುತ್ತಿದ್ದವರು ನಿವೃತ್ತ ಜಡ್ಜ್ ಒಬ್ಬರು. ಎಂಬತ್ತು ದಾಟಿದ ಹಿರಿಯರು, ಕಣ್ಣು ಸ್ವಲ್ಪ ಮಂಜು. ಬೆಳಿಗ್ಗೆಯೇ ಮಾವನ ವ್ಯಾನು ಬಂತು. ಮಾವನೂ ಸೇರಿ ಒಂಬತ್ತು ಜನ, ಸೆಕ್ರೆಟರಿಗೆ ಕೊಡಲು ಒಂದು ಬುಟ್ಟಿ ನಮ್ಮ ಕಣಿವೆಯ ಪನ್ನೀರು ದ್ರಾಕ್ಷಿ. ಮಾವ ಇಳಿದವರೇ ಕೇಳಿದರು: "ಎಲ್ಲಿ ಮಾಪ್ಳೆ ಕುರ್ಚಿ? ಕುಂತ್ಕೋ, ನೋಡಣ."

"ಈಗಲೇ ಹೆಂಗ್ ಮಾವಾ? ದೊಡ್ಡವರು ಮೊದಲ ಏಟು ಹೊಡೀಲಿ, ಆಮೇಲೆ ಕುಂತ್ಕೋಬೇಕು. ಅದು ಮರ್ಯಾದೆ," ಅಂದೆ.

"ಹಂಗಾ?" ಅಂದರು ಮಾವ. ಆ 'ಹಂಗಾ' ನನಗೆ ಹಿಡಿಸಲಿಲ್ಲ.

ದಿಬ್ಬದ ಕಡೆ ತಿರುಗಿದರೆ ಅಲ್ಲಿ ನಡುಮಧ್ಯೆ ಒಂದು ಕಾಡುಕೋಣ ಮಲಗಿ ಮೆಲುಕು ಹಾಕುತ್ತಿದೆ. ಕಾಡಂಚಿನ ಮೈದಾನ, ಬರುತ್ತಿರುತ್ತವೆ. ಆದರೆ ಇದು ಸಣ್ಣ ಲಾರಿಯಷ್ಟಿತ್ತು. ಸೆಕ್ರೆಟರಿ ಸಾರ್ ಸೀಟಿ ಊದಿದರು. ಅದು ಕಿವಿ ಆಡಿಸಿತು. ಇಂಗ್ಲಿಷಿನಲ್ಲಿ ಗದರಿದರು. ಅದು ಕಣ್ಣು ಮುಚ್ಚಿಕೊಂಡಿತು. ಅರ್ಧ ಗಂಟೆಯಲ್ಲಿ ಜಡ್ಜ್ ಬರುತ್ತಾರೆ.

"ಸಾರ್, ಜರುಗಿ. ಇದು ನಮ್ಮ ಜನದ ಕೆಲಸ," ಅಂದೆ.

ಬರೀ ಜಂಭ ಅಲ್ಲ. ನಮ್ಮ ಕುಲಕ್ಕೆ ಅಂತಲೇ ಒಂದು ದೇವರ ದನದ ಮಂದೆ ಇದೆ. ಅದರ ದೊರೆ ಹೋರಿಯನ್ನು ಯಾರೂ ಹೊಡೆಯುವುದಿಲ್ಲ, ಗದರುವುದಿಲ್ಲ. ದಾರಿಯಲ್ಲಿ ಮಲಗಿದ್ದರೆ ಎದುರಿಗೆ ತಿನ್ನಲು ಇಟ್ಟು, ಕೈ ಮುಗಿದು, ಕೇಳಿಕೊಳ್ಳಬೇಕು. ನಾನು ಮಾವನ ಕೈಯಿಂದ ದ್ರಾಕ್ಷಿ ಬುಟ್ಟಿ ಕಿತ್ತುಕೊಂಡು, ದೂರದಲ್ಲಿ, ವಾಸನೆ ಅದರ ಮೂಗಿಗೆ ಬಡಿಯುವ ಹಾಗೆ ಗಾಳಿ ಬರುವ ಕಡೆ ಇಟ್ಟು, ಹಿಂದೆ ಸರಿದು ಮನೆಮಾತಿನಲ್ಲಿ ಕೇಳಿದೆ: "ಏಳಪ್ಪಾ ದೊರೆ. ದಾರಿ ಬುಡಪ್ಪಾ. ಬಡವನ ಕುರ್ಚಿ ಅಯ್ತೆ."

ಎದ್ದಿತು! ಬೇಕಾದರೆ ಆಣೆ ಮಾಡುತ್ತೇನೆ. ಮೈ ಮುರಿದು ಎದ್ದು, ನಿಂತಲ್ಲೇ ಒಂದು ಮಂಕರಿ ಸಗಣಿ ಹಾಕಿ, ಹೋಗಿ ದ್ರಾಕ್ಷಿ ತಿಂದು, ಬುಟ್ಟಿಯನ್ನೂ ತಿಂದು, ಕಾಡಿಗೆ ಇಳಿಯಿತು.

"ಲೋ, ಅದು ನಿಮ್ಮ ಸೆಕ್ರೆಟ್ರಿಗೆ ತಂದದ್ದು ಕಣ್ಲಾ!" ಅಂದರು ಮಾವ.

ಸಲಿಕೆ ತಂದು ಸಗಣಿ ಎತ್ತಿದೆವು, ನೀರು ಬಿಟ್ಟೆವು. ಆದರೆ ಕೊನೆಯ ಹಿಡಿ ಕೈಗೆ ಬಂದಾಗ ಕೈ ಸುಮ್ಮನಿರಬೇಕಲ್ಲ. ನಮ್ಮ ಮನೆಗಳಲ್ಲಿ ಮೊದಲ ಉಳುಮೆಯಾಗಲಿ, ಬಾವಿ ತೋಡುವುದಾಗಲಿ, ಒಂದು ಹಿಡಿ ಸಗಣಿಯಲ್ಲಿ ಪಿಳ್ಳೈಯಾರಪ್ಪನನ್ನು ಮಾಡಿ, ತಲೆಗೆ ಗರಿಕೆ ಸಿಕ್ಕಿಸಿ, ಕೈ ಮುಗಿಯದೆ ಕೆಲಸ ಶುರು ಮಾಡುವುದಿಲ್ಲ. ಗಣಪತಿಯನ್ನೇ ನಾವು ಹಾಗೆ ಕರೆಯುವುದು. ದೊರೆಯೇ ಬಂದು ಸಗಣಿ ಕೊಟ್ಟು ಹೋಗಿದ್ದಾನೆ, ಕಾಲಡಿ ಗರಿಕೆ ಇದೆ, ಕುರ್ಚಿಯ ಗಂಡಾಂತರ ಇದೆ. ಮಾಡಿದೆ. ದಿಬ್ಬದ ಒಂದು ಅಂಚಿನಲ್ಲಿ, ಯಾರ ಕಾಲಿಗೂ ಸಿಗದ ಹಾಗೆ ಕೂರಿಸಿದೆ. ನಮ್ಮ ಒಂಬತ್ತು ಜನವೂ ಕೈ ಮುಗಿದರು.

ಜಡ್ಜ್ ಬಂದರು. ಚಪ್ಪಾಳೆ ಆಯಿತು. ಅವರು ಕೋಲೂರಿಕೊಂಡು ದಿಬ್ಬ ಹತ್ತಿ, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ನೆಟ್ಟಗೆ ಆ ಅಂಚಿಗೆ ನಡೆದರು.

"ಆಹಾ! ನಾನು ಹುಡುಗನಾಗಿದ್ದಾಗ ಈ ಮರದ ಮೊಳೆ ಎಲ್ಲಿತ್ತು? ಒದ್ದೆ ಮಣ್ಣಿನ ಗುಪ್ಪೆ ಮಾಡಿ ಅದರ ಮೇಲೆ ಚೆಂಡಿಡುತ್ತಿದ್ದೆವು. ಇನ್ನೂ ಅದನ್ನು ನೆನಪಿಟ್ಟು ಮಾಡಿದವರು ಯಾರಪ್ಪಾ?" ಅನ್ನುತ್ತ ಚೆಂಡನ್ನು ಪಿಳ್ಳೈಯಾರಪ್ಪನ ತಲೆಯ ಮೇಲಿಟ್ಟರು.

"ಅಯ್ಯಾ..." ಅಂದೆ. ಸೆಕ್ರೆಟರಿ ಸಾರ್ ನನ್ನ ತೋಳು ಹಿಂಡಿದರು. ಅದು ಸಗಣಿ ಅಂತ ಅವರಿಗೆ ಗೊತ್ತು. ಜಡ್ಜಿಗೆ ಗೊತ್ತಾಗದಿರಲಿ ಅಂತ ಅವರ ಚಿಂತೆ. "ಒಂದು ಸದ್ದು ಬಂದರೆ ಚೀಲ," ಅಂತ ಹಲ್ಲು ಕಚ್ಚಿ ಪಿಸುಗುಟ್ಟಿದರು.

ಜಡ್ಜ್ ಕೋಲು ಎತ್ತಿದರು. ಸದ್ದಡಗಿಸುವವನು ನಾನೇ. ಬಾಯಿ ಮುಚ್ಚಿಕೊಂಡರೆ ಕುರ್ಚಿ ಉಂಟು, ಆದರೆ ನನ್ನ ಕಣ್ಣೆದುರಿಗೇ ದೇವರ ತಲೆ ಹಾರುತ್ತದೆ. ಬಾಯಿ ಬಿಟ್ಟರೆ ದೇವರು ಉಳಿಯುತ್ತಾನೆ, ಕುರ್ಚಿ ಹೋಗುತ್ತದೆ, ಅದೂ ಮಾವನ ಎದುರಿಗೆ. ಕೋಲು ಕೆಳಗಿಳಿಯಲು ಶುರುವಾಯಿತು.

"ಪಿಳ್ಳೈಯಾರಪ್ಪಾ!" ಅಂತ ಕಿರುಚಿದೆ. ನನ್ನ ಹಿಂದೆಯೇ ಮಾವ ಮತ್ತು ಎಂಟು ಜನ ನೆಂಟರು ಒಂದೇ ಕಂಠದಲ್ಲಿ, "ಪಿಳ್ಳೈಯಾರಪ್ಪಾ!" ಎದುರು ಬೆಟ್ಟವೂ ಅದನ್ನೇ ಅಂದಿತು.

ಜಡ್ಜ್ ಬೆಚ್ಚಿಬಿದ್ದರು. ಕೋಲು ಕೂದಲೆಳೆಯಷ್ಟು ಮೇಲೆದ್ದಿತು. 'ಟಕ್.' ಬರೀ ಚೆಂಡು ಹೋಯಿತು. ಗರಿಕೆ ಕೂಡ ಅಲುಗಲಿಲ್ಲ. ಚೆಂಡು ನೆಟ್ಟಗೆ, ಎತ್ತರಕ್ಕೆ, ಮೈದಾನದ ನಡುಮಧ್ಯೆ ಹೋಗಿ ಬಿತ್ತು.

ಜಡ್ಜ್ ತಿರುಗಿದರು. "ಯಾರು ಕೂಗಿದ್ದು?"

ಸೆಕ್ರೆಟರಿ ಸಾರ್ ಬೆರಳು ನನ್ನ ಕಡೆ ತಿರುಗಿತು. ಬೆರಳು ಬೇಕಾಗಿರಲಿಲ್ಲ, ನಾನೇ ಎದೆಯುಬ್ಬಿಸಿ ಮುಂದೆ ಬಂದೆ. "ನಾನೇ ಅಯ್ಯಾ."

"ಇಷ್ಟು ವರ್ಷ ಹೊಡೆಯುವಾಗ ತಲೆ ಎತ್ತಬೇಡಿ ಅಂತ ಎಲ್ಲರೂ ಹೇಳಿದರು, ಎತ್ತುತ್ತಲೇ ಬಂದೆ," ಅಂದರು ಜಡ್ಜ್. "ಇವತ್ತು ಹೆದರಿ ತಲೆ ಎತ್ತಲು ಮರೆತೆ. ಜೊತೆಗೆ ಬಾ. ಮುಂದಿನ ಗುಣಿಯಲ್ಲೂ ಕೂಗು."

ಒಂಬತ್ತು ಗುಣಿ ನಡೆದೆ. ಪ್ರತಿ ಗುಣಿಯಲ್ಲೂ ಅವರು ಕೋಲು ಎತ್ತಿದರೆ ನಾನು ಕೂಗು, ಹಿಂದೆ ಮಾವನ ಗುಂಪು ದೇವರ ಉತ್ಸವದ ಹಾಗೆ. ಉಳಿದ ಆಟಗಾರರು ಆಟ ನಿಲ್ಲಿಸಿ ನೋಡಿದರು. ಏಲಕ್ಕಿ ಸಾಹುಕಾರರಂತೂ ಮರದ ಹಿಂದಿನಿಂದ, "ತಂಬಿ, ನನಗೂ ಹೀಗೆ ಕೂಗಲು ಮುಂಚೆಯೇ ಹೇಳಿಡಬೇಕಾ?" ಅಂತ ವಿಚಾರಿಸಿದರು.

ಸಂಜೆ ಬಹುಮಾನ ಹಂಚಿದ ಮೇಲೆ ಸೆಕ್ರೆಟರಿ ಸಾರ್ ಅಟೆನ್ಷನ್‌ನಲ್ಲಿ ನಿಂತು ಜಡ್ಜನ್ನು ಕೇಳಿದರು: "ಸಾರ್, ಈ ಹುಡುಗನ ಮೇಲೆ ದೂರು ಏನಾದರೂ ಉಂಟಾ?"

"ಉಂಟು," ಅಂದರು ಜಡ್ಜ್.

ಮಾವ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಐದನೇ ಗುಣಿಯಲ್ಲಿ ದನಿ ಸಾಲದು. ಅಲ್ಲಿ ಎರಡು ಏಟು ಜಾಸ್ತಿಯಾಯಿತು. ಪಾಪ, ನಡೆದೂ ನಡೆದೂ ಸುಸ್ತಾಗಿರಬೇಕು, ಕೂರಲು ಏನಾದರೂ ಕೊಡಿ."

ಸೆಕ್ರೆಟರಿ ಸಾರ್ ಕೊಟ್ಟರು: ಒಂದು ಮರದ ಕುರ್ಚಿ, ದಿನಾ ಬೆಳಿಗ್ಗೆ ಕಾಡುಕೋಣಗಳ ಸಗಣಿ ಎತ್ತಲು ಒಂದು ಮಂಕರಿ, ಒಂದು ಸಲಿಕೆ.